ಮೇಲಿನ ಬೋಲ್ಟು

ಆವತ್ತು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಎದುರು ಮನೆಯ ಗೇಟು, ಗೇಟಿನ ಪಕ್ಕದ ದೀಪದ ಕಂಬ, ಕಂಬದ ಬುಡದಲ್ಲಿ ಯಾವಾಗಲೂ ಮಲಗಿರುವ ಕುಂಟ ನಾಯಿ, ಎಲ್ಲವೂ ಇಲ್ಲವಾಗಿದ್ದವು. ಶೆಡ್ಡಿನ ತಗಡಿನ ಮಾಡಿನಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಮಳೆಯಲ್ಲ, ಚಳಿಯೇ ಕರಗಿ ಬೀಳುತ್ತಿದ್ದುದು. ದೇವರು ಲೋಕದ ಸಾಮಾನನ್ನೆಲ್ಲ ರಾತ್ರಿ ಒಳಗೆ ಎತ್ತಿಟ್ಟಿದ್ದು, ಈಗ ಒಂದೊಂದಾಗಿ ಹೊರಗೆ ತಂದು ಜೋಡಿಸುತ್ತಿದ್ದಾನೇನೋ, ಅವಸರವಿಲ್ಲದೆ, ಎನ್ನುವಂಥ ಬೆಳಗು.

ಚಿಕ್ಕ ಮೇಸ್ತ್ರಿ ಶೆಡ್ಡಿನ ಬಾಗಿಲು ತೆಗೆದು ಒಳಗಿನ ಅರೆಗತ್ತಲಿಗೆ ಕೈ ಮುಗಿದ. ಅವನಿಗೆ ಐವತ್ತೆರಡಾಗಿತ್ತು, ತಲೆ ಅರ್ಧ ನರೆತಿತ್ತು, ಮಗಳ ಮದುವೆಯೂ ಆಗಿತ್ತು. ಆದರೂ ಊರಿಗೆಲ್ಲ ಅವನು ಚಿಕ್ಕ ಮೇಸ್ತ್ರಿಯೇ. ಅಣ್ಣನಿದ್ದಾಗ ಅಣ್ಣ ದೊಡ್ಡ ಮೇಸ್ತ್ರಿ, ಇವನು ಚಿಕ್ಕವನು. ಅಣ್ಣ ಊರು ಬಿಟ್ಟು ಹನ್ನೊಂದು ವರ್ಷವಾಗಿತ್ತು, ಹೆಸರು ಮಾತ್ರ ಹೋಗಿರಲಿಲ್ಲ. ಹೊಸದಾಗಿ ಬಂದ ಗಿರಾಕಿಗಳು, "ಹಾಗಾದ್ರೆ ದೊಡ್ಡ ಮೇಸ್ತ್ರಿ ಎಲ್ಲಿ?" ಅಂತ ಕೇಳುವುದಿತ್ತು. "ಹೊಳೆಯಾಚೆ ಊರಲ್ಲಿದ್ದಾನೆ" ಅನ್ನುತ್ತಿದ್ದ. ಅಷ್ಟೇ ಮಾತು. ಹೇಳಿದವನೇ ಗಾಡಿಯ ಕೆಳಗೆ ಸರಿದುಬಿಡುತ್ತಿದ್ದ.

ಮಂಜಿನೊಳಗಿಂದ ಮೊದಲು ಬಂದದ್ದು ಶಬ್ದ. ಜರ್ರ್... ಟಣ್... ಜರ್ರ್ ಜರ್ರ್. ಮುದುಕರ ಬಾಯಲ್ಲಿ ಕಟ್ಟಿಸಿದ ಹಲ್ಲು ಅಲುಗಾಡಿದ ಹಾಗೆ. ಕಾರು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಅವನ ಕಿವಿಯಾಗಲೇ ಅದರ ಹೊಟ್ಟೆಯಡಿ ತೂರಿ, ಸೈಲೆನ್ಸರ್ ಪೈಪನ್ನು ಹಿಡಿದು, ಮೇಲಿನ ತಗಡನ್ನು ಮುಟ್ಟಿ ನೋಡಿತ್ತು. 'ಹೀಟ್ ಶೀಲ್ಡ್' ಅಂದುಕೊಂಡ. ಕಾರಿನ ತರವೂ ಗೊತ್ತಾಗಿಹೋಗಿತ್ತು. ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಓಡಾಡುವ ಆ ಹಳೇ ಕಾರು. ಒಂದು ಕಾಲಕ್ಕೆ ಊರಿಗೂರೇ ಅದನ್ನೇ ಓಡಿಸುತ್ತಿತ್ತು.

ಕಾರಿನಿಂದ ಇಳಿದದ್ದು ಗಟ್ಟಿಮುಟ್ಟಾದ ಒಬ್ಬ ಹೆಂಗಸು. ತಲೆಗೆ ಉಣ್ಣೆ ಟೋಪಿ, ಹೆಗಲಿಗೆ ಆಸ್ಪತ್ರೆಯ ಚೀಲ.

"ಮೇಸ್ತ್ರಿ ಅಂದ್ರೆ ನೀವೇನಾ?"

"ಚಿಕ್ಕ ಮೇಸ್ತ್ರಿ ಅಂತಾರೆ."

"ಚಿಕ್ಕೋರೋ ದೊಡ್ಡೋರೋ, ಇದರ ಬಾಯಿ ಮುಚ್ಚಿಸಿಕೊಡಿ ಮಾರಾಯ್ರೇ. ನಮ್ಮನೆಯೋರ ಬಾಯಿ ಮುಚ್ಚಿಸಿದೀನಿ, ಆಸ್ಪತ್ರೆ ಡಾಕ್ಟರ ಬಾಯಿ ಮುಚ್ಚಿಸಿದೀನಿ, ಇದೊಂದು ನನ್ನ ಮಾತು ಕೇಳ್ತಿಲ್ಲ."

ಅವಳು ಹಳ್ಳಿ ಹಳ್ಳಿ ಸುತ್ತಿ ಮಕ್ಕಳಿಗೆ ಲಸಿಕೆ ಹಾಕುವ ನರ್ಸು. ನರ್ಸಮ್ಮ ಅಂತಲೇ ಎಲ್ಲರೂ ಕರೆಯುವುದು ಎಂದು ಅವಳೇ ಹೇಳಿದಳು. ದೊಡ್ಡಾಸ್ಪತ್ರೆಯಿಂದ ಲಸಿಕೆಯ ಪೆಟ್ಟಿಗೆ ಒಯ್ಯಲು ಹಿಂದಿನ ಸಂಜೆ ಬಂದು ತಂಗಿಯ ಮನೆಯಲ್ಲಿ ಉಳಿದಿದ್ದಳು. ಹತ್ತು ಗಂಟೆಗೆ ಪೆಟ್ಟಿಗೆ ಕೈಗೆ ಬರುತ್ತದೆ, ಐಸು ಕರಗುವುದರೊಳಗೆ ಊರು ಸೇರಬೇಕು.

"ಮೊದಲೆಲ್ಲ ಸದ್ದಿಲ್ಲದೆ ಹೋಗಿ ಬಾಗಿಲಲ್ಲಿ ನಿಂತುಬಿಡ್ತಿದ್ದೆ. ಮಗು ಆಟ ಆಡ್ತಿರುವಾಗಲೇ ಚುಚ್ಚಿ, ಒಂದು ಮುತ್ತು ಕೊಟ್ಟು ಬರ್ತಿದ್ದೆ. ಈಗ ಊರ ಹೊರಗಿನ ತಿರುವಲ್ಲೇ ಇದು ಡಂಗುರ ಹೊಡೆಯುತ್ತೆ. ಒಂದೊಂದು ಮಗುವೂ ಹಿತ್ತಲ ಬಾಗಿಲಿಂದ ಪರಾರಿ! ಮೊನ್ನೆ ಒಬ್ಬ ಮರ ಹತ್ತಿ ಕೂತ. ಅವನಜ್ಜಿ ಕೆಳಗೆ, ಸೂಜಿ ಹಿಡಕೊಂಡು ನಾನು ಕೆಳಗೆ. ಎರಡು ಗಂಟೆ ಕೂತಿದ್ವಿ, ಹಣ್ಣು ಬೀಳಲಿ ಅಂತ ಕಾಯೋರ ಹಾಗೆ."

ಚಿಕ್ಕ ಮೇಸ್ತ್ರಿಗೆ ನಗು ಬಂತು. "ಬಿಸಿಯಾದ ಮೇಲೆ ಶಬ್ದ ಕಡಿಮೆಯಾಗುತ್ತಾ?" ಅಂತ ಕೇಳಿದ.

"ಹೂಂ, ದೂರ ಓಡಿದ್ರೆ ಒಂಚೂರು ಗೊಣಗಾಟಕ್ಕೆ ಇಳಿಯುತ್ತೆ. ಬೆಳಗ್ಗೆ ಚಳಿಗೆ ಮಾತ್ರ ಕೇಳಬೇಡಿ."

"ತಣ್ಣಗಿದ್ದಾಗ ಕೂಗುತ್ತೆ, ಬಿಸಿಗೆ ಹಿಗ್ಗಿದ್ರೆ ಸುಮ್ನೆ ಕೂತ್ಕೊಳ್ಳುತ್ತೆ. ಪೈಪಿನ ಬಿಸಿ ಕಾರಿನ ತಳಕ್ಕೆ ತಾಗದ ಹಾಗೆ ಅಡ್ಡ ಇಟ್ಟಿರೋ ತಗಡು ಅದು, ಅಮ್ಮ. ಸಡಿಲ ಆಗಿದೆ. ಪ್ರಾಣಕ್ಕೇನೂ ಅಲ್ಲ, ಬರೀ ಮಾನಕ್ಕೆ."

ಜಾಕಿ ಕೊಟ್ಟು ಕಾರು ಎತ್ತಿದ. ಕೆಳಗೆ ಮರದ ದಿಮ್ಮಿ ಇಟ್ಟು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಒಂದು ಕ್ಷಣ ಕಣ್ಣು ಮುಚ್ಚಿದ. ಅಪ್ಪನಿಂದ ಬಂದ ಅಭ್ಯಾಸ. ಯಾವ ಗಾಡಿಯ ಕೆಳಗೆ ಹೋಗುವ ಮೊದಲೂ ಅಪ್ಪ ಹೀಗೆಯೇ ಕೈಯಿಟ್ಟು, "ಇದರೊಳಗೆ ಕೂತು ಹೋಗೋರನ್ನ ಮನೆ ಮುಟ್ಟಿಸಪ್ಪಾ" ಅನ್ನುತ್ತಿದ್ದ. ಆಮೇಲೆ ಚಿಕ್ಕ ಮೇಸ್ತ್ರಿ ಗೋಣಿಚೀಲ ಹಾಸಿ ಬೆನ್ನ ಮೇಲೆ ಒಳಗೆ ಸರಿದ.

ನರ್ಸಮ್ಮನ ತಂಗಿಯ ಮನೆ ಎರಡು ಬೀದಿಯಾಚೆ ಇದ್ದದ್ದರಿಂದ ಪೈಪು ಇನ್ನೂ ಕೈ ಸುಡುವಷ್ಟು ಬಿಸಿಯಾಗಿರಲಿಲ್ಲ. ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಿದ. ಕೆಳಗಿನ ಎರಡು ಬೋಲ್ಟು ಭದ್ರವಾಗಿದ್ದವು. ಮೇಲಿನದು ಇರಲಿಲ್ಲ. ಅದು ಕೂರಬೇಕಾದ ತೂತು ತುಕ್ಕಿನಿಂದ ಅಗಲವಾಗಿತ್ತು, ಅಲ್ಲಿ ಯಾರೋ ತಂತಿ ಬಿಗಿದಿದ್ದರು. ತಂತಿ ಬಿಸಿಗೆ ಬೆಂದು ಒಂದು ಕಡೆ ತುಂಡಾಗಿತ್ತು. ಗಂಟು ಮಾತ್ರ ಹಾಗೇ ಇತ್ತು.

ಅವನು ಟಾರ್ಚನ್ನು ಹತ್ತಿರ ಹಿಡಿದ. ಮೂರು ಸುತ್ತು, ಒಂದರ ಪಕ್ಕ ಒಂದು, ಅಳತೆಯಿಟ್ಟು ಕೂರಿಸಿದ ಹಾಗೆ. ಮೂರರ ನಂತರ ತಂತಿಯ ಬಾಲ ಹೊರಗೆ ಚಾಚಿರಲಿಲ್ಲ. ಅದನ್ನು ಹಿಂದಕ್ಕೆ ಬಗ್ಗಿಸಿ, ಸುತ್ತಿನ ಸಂದಿಯೊಳಗೆ ಮಲಗಿಸಿದ್ದರು.

ಹಾಗೆ ಕಟ್ಟುವವರು ಈ ಭೂಮಿಯ ಮೇಲೆ ಮೂರೇ ಜನ ಇದ್ದದ್ದು. ಒಬ್ಬ ತೀರಿಹೋಗಿದ್ದ. ಇನ್ನೊಬ್ಬ ಈ ಕಾರಿನ ಕೆಳಗೆ ಮಲಗಿದ್ದ.

"ಬಾಲ ಒಳಗೆ ಮಡಚ್ರೋ" ಅಂತ ಅಪ್ಪ ಗದರುತ್ತಿದ್ದ. "ನಿಮ್ಮ ನಂತರ ಇಲ್ಲಿ ಕೈ ಹಾಕೋನಿಗೂ ಚರ್ಮ ಇರುತ್ತೆ."

ಚಿಕ್ಕ ಮೇಸ್ತ್ರಿ ತೋರುಬೆರಳನ್ನು ಆ ಗಂಟಿನ ಮೇಲಿಟ್ಟ. ಚುಚ್ಚಲಿಲ್ಲ. ಬೆರಳು ಅಲ್ಲಿಯೇ ಉಳಿಯಿತು.

"ಏನು ಮೇಸ್ತ್ರಿ, ನಿದ್ದೆ ಹತ್ತಿತಾ?" ಹೊರಗಿನಿಂದ ನರ್ಸಮ್ಮನ ದನಿ.

"ಇದನ್ನ ಕಟ್ಟಿದೋರು ಯಾರಮ್ಮ?"

"ನಮ್ಮೂರಿನ ಮೇಸ್ತ್ರಿ. ಹೊಳೆಯಾಚೆ. ಬಂಗಾರದಂಥ ಮನುಷ್ಯ, ಆದ್ರೆ ಈ ಒಂದು ವಿಷಯದಲ್ಲಿ ಹಟಮಾರಿ. ಎರಡು ತಿಂಗಳಿಗೊಮ್ಮೆ ತಂತಿ ತುಂಡಾಗುತ್ತೆ, ನಾನು ಹೋಗಿ ಬೈತೀನಿ, ಅವರು ನಕ್ಕೊಂಡು ಮತ್ತೆ ಕಟ್ತಾರೆ. ಒಂದು ಬೋಲ್ಟು ಹಾಕೋಕೆ ಬರಲ್ವೇನ್ರೀ ನಿಮಗೆ ಅಂತ ಒಂದಿನ ಕೇಳೇಬಿಟ್ಟೆ. ಏನಂದ್ರು ಗೊತ್ತಾ? ಆ ಬೋಲ್ಟು ತಿರುಗಿಸೋಕೆ ನೇರ ಪಾನಾ ಹೋಗಲ್ಲವಂತೆ. ಬಗ್ಗಿಸಿದ ಪಾನಾ ಬೇಕಂತೆ. ಅವರಪ್ಪ ಮಾಡಿದ್ದು ಒಂದಿದೆಯಂತೆ, ಅದು ತಮ್ಮನ ಹತ್ತಿರ ಇದೆ, ತರ್ತಾನೆ, ಅಂದ್ರು. ಯಾವಾಗ ಅಂದೆ. ಅವನಿಗೆ ಆದಾಗ, ಅಂದ್ರು. ಇದು ನಡೆದು ನಾಲ್ಕು ವರ್ಷ. ಆ ತಮ್ಮ ಅನ್ನೋ ಮಹಾರಾಯ ಯಾವ ಲೋಕದಲ್ಲಿದ್ದಾನೋ!"

ಕಾರಿನ ಕೆಳಗೆ ಟಾರ್ಚು ಎದೆಯ ಮೇಲೆ ಬಿದ್ದು ಪಕ್ಕದ ಚಕ್ರವನ್ನು ಬೆಳಗುತ್ತಿತ್ತು.

ಆ ಪಾನಾಕ್ಕೆ ಒಂದು ಹೆಸರಿತ್ತು. ಡೊಂಕ.

ಈ ಕಾರುಗಳು ಹೊಸದಾಗಿ ಬಂದ ಕಾಲಕ್ಕೆ, ಮೇಲಿನ ಬೋಲ್ಟು ಬಿಚ್ಚಲು ಇಡೀ ಪೈಪನ್ನೇ ಇಳಿಸಬೇಕಿತ್ತು. ಅರ್ಧ ದಿನದ ಕೆಲಸ. ಕಾರಿನ ತಳ ಅಷ್ಟು ಕೆಳಗೆ ಬಾಗಿ ಬಂದಿತ್ತು, ಯಾವ ಪಾನಾದ ಹಿಡಿಯೂ ತಿರುಗುತ್ತಿರಲಿಲ್ಲ. ಒಂದು ಸಂಜೆ ಅಪ್ಪ ಹತ್ತು ನಂಬರಿನ ಒಂದು ಒಳ್ಳೆ ಪಾನಾವನ್ನು ಕೆಂಡದಲ್ಲಿಟ್ಟ. ಅಣ್ಣ ತಿದಿ ಒತ್ತಿದ. ಇವನಿಗಾಗ ಎಂಟು ವರ್ಷ. ಬೆಳಕು ಹಿಡಿಯುವುದು ಇವನ ಕೆಲಸ. "ಬೆಳಕು ಇತ್ತ ಹಿಡಿಯೋ" ಅಂತ ಅಣ್ಣ ಹತ್ತು ಸಲ ಅಂದಿರಬೇಕು. ಅಪ್ಪ ಕೆಂಪಾದ ಕಬ್ಬಿಣವನ್ನು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಬಗ್ಗಿಸಿದ. ಆರಿದ ಮೇಲೆ ಹಿಡಿಯ ಮೇಲೆ ಅರದಿಂದ ಮೂರು ಗೆರೆ ಹಾಕಿದ. "ಇದು ನಾನು, ಇದು ದೊಡ್ಡೋನು, ಇದು ಚಿಕ್ಕೋನು. ಕತ್ತಲಲ್ಲಿ ಕೈಗೆ ಸಿಕ್ಕರೂ ಗುರುತಾಗಬೇಕು." ಅದನ್ನು ಹಿಡಿದು ಹೋದರೆ ಅರ್ಧ ದಿನದ ಕೆಲಸ ಕಾಲು ಗಂಟೆಗೆ ಮುಗಿಯುತ್ತಿತ್ತು. ಸುತ್ತಲಿನ ಊರುಗಳಿಂದ ಜನ ಅದಕ್ಕೆಂದೇ ಬರುತ್ತಿದ್ದರು.

ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಅಪ್ಪ ಇಬ್ಬರನ್ನೂ ಕೂರಿಸಿಕೊಂಡು, "ಶೆಡ್ಡು ಚಿಕ್ಕವನಿಗಿರಲಿ. ಡೊಂಕ ದೊಡ್ಡವನಿಗೆ" ಅಂದ. ಇಬ್ಬರೂ ತಲೆಯಾಡಿಸಿದರು. ಆಗ ಅದು ಮಾತೇ ಅಲ್ಲ ಅನ್ನಿಸಿತ್ತು. ಇಬ್ಬರೂ ಒಂದೇ ಶೆಡ್ಡಿನಲ್ಲಿ ಇರುವವರು, ಡೊಂಕ ಒಂದೇ ಮೊಳೆಗೆ ತೂಗುವುದು.

ಆದರೆ ಅತ್ತಿಗೆಯ ತವರಿನಲ್ಲಿ ಅವಳ ತಂದೆ ತೀರಿಕೊಂಡ. ತಾಯಿ ಹಾಸಿಗೆ ಹಿಡಿದಳು. ಹೊಳೆಯಾಚೆ ಅವರದ್ದೂ ಒಂದು ಶೆಡ್ಡಿತ್ತು, ಮುಚ್ಚಿ ಬಿದ್ದಿತ್ತು. ಅಣ್ಣ ಹೊರಟ. ಜಗಳವಿಲ್ಲ, ಮನಸ್ತಾಪವಿಲ್ಲ. ಹೊರಡಬೇಕಾಗಿತ್ತು, ಹೊರಟ. ಗೋಣಿಚೀಲ ಹಾಸಿ ಅಣ್ಣತಮ್ಮ ಎದುರುಬದುರು ಕೂತು ಸಾಮಾನು ಹಂಚಿಕೊಂಡರು. "ಈ ಸುತ್ತಿಗೆ ನಿನಗೆ ಇರಲಿ, ನಿನ್ನ ಕೈಗೆ ಒಗ್ಗಿದೆ." "ಇಲ್ಲಣ್ಣ, ನೀನು ತಗೋ." ಹೀಗೆ ಒಬ್ಬರ ಕಡೆಗೊಬ್ಬರು ತಳ್ಳುತ್ತ ಮಧ್ಯಾಹ್ನವಾಯಿತು. ಕೊನೆಗೆ ಅಣ್ಣ ಗೋಡೆಯ ಕಡೆ ನೋಡಿ ಕೇಳಿದ: "ಡೊಂಕ ಎಲ್ಲೋ?"

"ಕಾಣ್ತಿಲ್ಲ ಅಣ್ಣ. ಯಾವುದೋ ಗಾಡಿಯೊಳಗೆ ಮರೆತುಹೋಗಿರಬೇಕು."

ಆ ಹೊತ್ತಿಗೆ ಡೊಂಕ ಅವನ ಶರ್ಟಿನ ಕೆಳಗೆ, ಸೊಂಟದಲ್ಲಿ, ಹೊಟ್ಟೆಗೆ ತಣ್ಣಗೆ ತಾಗಿಕೊಂಡಿತ್ತು.

ಆಸೆಗೆ ಬಿದ್ದು ಕದ್ದದ್ದಲ್ಲ. ನಲವತ್ತೊಂದು ವರ್ಷದ ಗಂಡಸಿನ ತಲೆಯಲ್ಲಿ ಎಂಟು ವರ್ಷದ ಹುಡುಗನ ಲೆಕ್ಕ ಓಡಿತ್ತು. ಡೊಂಕ ಸಿಗದಿದ್ದರೆ ಅಣ್ಣ ಹುಡುಕುತ್ತಾನೆ. ಹುಡುಕುವಷ್ಟರಲ್ಲಿ ಸಂಜೆಯ ಬಸ್ಸು ಹೋಗುತ್ತದೆ. ನಾಳೆಯೂ ಹುಡುಕುತ್ತಾನೆ. ಹೀಗೇ ನಾಲ್ಕು ದಿನವಾದರೆ... ನಾಲ್ಕು ದಿನವಾದರೆ ಏನು ಎಂದು ಅವನು ಮುಂದಕ್ಕೆ ಯೋಚಿಸಿರಲಿಲ್ಲ. ಅಣ್ಣ ಬಸ್ಸಿನ ಹೊತ್ತಿನವರೆಗೆ ಶೆಡ್ಡಿನ ಮೂಲೆ ಮೂಲೆ ತಡಕಿದ. ಆಮೇಲೆ ಕೈ ತೊಳೆದು, ತಮ್ಮನ ಮುಖವನ್ನು ಒಂದು ಗಳಿಗೆ ನೋಡಿ, "ಇರಲಿ ಬಿಡು. ಸಿಕ್ಕಾಗ ತಗೊಂಡು ಬಾ" ಅಂದು ಬಸ್ಸು ಹತ್ತಿದ.

ಸಿಕ್ಕಿತು ಅಂತ ಮರುದಿನವೇ ಒಯ್ಯಬಹುದಿತ್ತು. ಅದು ಇನ್ನೊಂದು ಸುಳ್ಳಾಗುತ್ತಿತ್ತು. ಬಚ್ಚಿಟ್ಟಿದ್ದೆ ಅಂತ ಹೇಳಲು ನಾಲಿಗೆ ಏಳಲಿಲ್ಲ. ಒಂದು ವಾರ ಹೋಯಿತು, ಒಂದು ವರ್ಷ ಹೋಯಿತು. ಡೊಂಕವನ್ನು ಬಟ್ಟೆಯಲ್ಲಿ ಸುತ್ತಿ ಮನೆಯ ಹಳೇ ಪೆಟ್ಟಿಗೆಯಲ್ಲಿ, ಕಂಬಳಿಗಳ ತಳದಲ್ಲಿಟ್ಟ. ಒಂದು ದಿನವೂ ಅದನ್ನು ಕೆಲಸಕ್ಕೆ ಬಳಸಲಿಲ್ಲ. ಇಂಥ ಕಾರು ಬಂದಾಗಲೆಲ್ಲ ಅರ್ಧ ದಿನ ಬೆವರು ಸುರಿಸಿ ಇಡೀ ಪೈಪು ಇಳಿಸಿಯೇ ಮೇಲಿನ ಬೋಲ್ಟು ಹಾಕಿದ. ಗಿರಾಕಿಗಳು ಬೈದರೆ ಬೈಸಿಕೊಂಡ. ಫೋನಿನಲ್ಲಿ ಅಣ್ಣ "ಒಂದ್ಸಲ ಬಾರೋ" ಅಂದಾಗಲೆಲ್ಲ "ಕೆಲಸ ಜಾಸ್ತಿ ಅಣ್ಣ" ಅಂದ. ಮಗಳ ಮದುವೆಗೆ ಅಣ್ಣ ಬೆಳಗ್ಗೆ ಬಂದು ಸಂಜೆ ಹೋದ. ಹೋಗುವ ಮೊದಲು ಶೆಡ್ಡಿಗೆ ಬಂದು, ಗೋಡೆಯ ಖಾಲಿ ಮೊಳೆಯ ಮೇಲೆ ಬೆರಳಿಟ್ಟು, ಅದು ಅಲುಗುತ್ತದೆಯೋ ಎಂದು ನೋಡುವವನ ಹಾಗೆ ಸ್ವಲ್ಪ ಹೊತ್ತು ನಿಂತಿದ್ದ.

ದೇವರ ಮುಂದೆ ನಿಂತಾಗಲೂ ಚಿಕ್ಕ ಮೇಸ್ತ್ರಿಗೆ ಅಂಗೈಗಳು ಪೂರ್ತಿ ಕೂಡುತ್ತಿರಲಿಲ್ಲ. ನಡುವೆ ಏನನ್ನೋ ಅಡಗಿಸಿಕೊಂಡು ಕೈ ಮುಗಿದ ಹಾಗೆ.

ಈಗ ಕಾರಿನ ಕೆಳಗೆ ಮಲಗಿ ಅವನು ತುಂಡಾದ ತಂತಿಯನ್ನು ನೋಡುತ್ತಿದ್ದ. ತಗಡು ನಾಲ್ಕು ವರ್ಷ ಕೂಗಿದ್ದು ತನ್ನನ್ನೇ ಎಂದು ಅನ್ನಿಸಿತು. ತಮ್ಮನ ಹತ್ತಿರ ಇದೆ, ತರ್ತಾನೆ. ಅಣ್ಣನಿಗೆ ಗೊತ್ತಿತ್ತು. ಬಸ್ಸು ಹತ್ತುವಾಗಲೇ ಗೊತ್ತಿತ್ತು.

"ಬಂದೆ ಅಮ್ಮ, ಒಂದೇ ನಿಮಿಷ" ಅಂದವನು ಕಾರಿನ ಕೆಳಗಿನಿಂದ ಹೊರಬಂದು ಮುಖ ತೋರಿಸದೆ ಮನೆಯೊಳಗೆ ನಡೆದ.

ಹೆಂಡತಿ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಳು. ಗಂಡ ಕೈಯೂ ತೊಳೆಯದೆ ಪೆಟ್ಟಿಗೆಯ ಮುಂದೆ ಕೂತು ಕಂಬಳಿಗಳನ್ನು ಎಳೆದು ಹಾಕುವುದು ಬಾಗಿಲಿನಿಂದ ಕಾಣುತ್ತಿತ್ತು. ಅವನ ಕೈಗೆ ಗಂಟು ಸಿಕ್ಕಿತು. ಆದರೆ ಸುತ್ತಿದ್ದ ಬಟ್ಟೆ ಅವನು ಸುತ್ತಿದ್ದಲ್ಲ. ತಾನು ಸುತ್ತಿದ್ದು ಹಳೇ ಶರ್ಟಿನ ತುಂಡು. ಇದು ಮೆತ್ತಗಿನ ಹತ್ತಿಬಟ್ಟೆ, ಎಣ್ಣೆಯಲ್ಲಿ ಅದ್ದಿದ್ದು. ಬಿಚ್ಚಿದರೆ ಡೊಂಕ ನಿನ್ನೆ ಮಾಡಿದ ಹಾಗೆ ಹೊಳೆಯುತ್ತಿತ್ತು. ಒಂದು ಚುಕ್ಕೆ ತುಕ್ಕಿರಲಿಲ್ಲ.

ಅವನು ತಲೆಯೆತ್ತಿ ನೋಡಿದ. ಹೆಂಡತಿ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಯಾವಾಗಿಂದ ಗೊತ್ತು ನಿಂಗೆ?"

"ಪೆಟ್ಟಿಗೆ ನಮ್ಮಮ್ಮ ಕೊಟ್ಟಿದ್ದು. ಅದರೊಳಗೆ ಒಂದು ಗುಂಡುಸೂಜಿ ಹೆಚ್ಚಾದ್ರೂ ನಂಗೆ ಗೊತ್ತಾಗುತ್ತೆ. ಕಬ್ಬಿಣದ ತುಕ್ಕು ಕಂಬಳಿಗೆ ಹತ್ತಿದ್ರೆ ತೊಳೆಯೋರು ಯಾರು, ನೀವಾ? ವರ್ಷಕ್ಕೊಂದ್ಸಲ ಎಣ್ಣೆ ಸವರಿ ಇಡ್ತಿದ್ದೆ."

"ಮತ್ತೆ ಒಂದು ಮಾತು ಕೇಳಲಿಲ್ಲ?"

"ಕೇಳಿದ್ರೆ ನೀವು ಹೇಳಿಬಿಡ್ತಿದ್ರಿ. ನನ್ನ ಹತ್ರ ಹೇಳಿಕೊಂಡು ಎದೆ ಹಗುರ ಆಗಿಬಿಟ್ರೆ ಆಮೇಲೆ ಅಲ್ಲಿಗೆ ಯಾಕೆ ಹೋಗ್ತೀರಿ?" ಅವಳು ಲೋಟವನ್ನು ನೆಲದ ಮೇಲಿಟ್ಟಳು. "ಟೀ ಕುಡೀರಿ. ರಾತ್ರಿ ಊಟಕ್ಕೆ ಕಾಯಲಾ?"

"ಬೇಡ ಕಣೇ."

"ಕಾಯ್ಬೇಡ ಅನ್ನೋದನ್ನ ಹನ್ನೊಂದು ವರ್ಷಕ್ಕೆ ಕೊನೆಗೂ ಇವತ್ತು ಕೇಳಿದೆ" ಅಂದು ಅವಳು ಕಂಬಳಿ ಮಡಚಲು ಕೂತಳು.

ಶೆಡ್ಡಿಗೆ ಬಂದು ಚಿಕ್ಕ ಮೇಸ್ತ್ರಿ ಡಬ್ಬಿಯಲ್ಲಿ ತಡಕಿ ಒಂದು ಹೊಸ ಬೋಲ್ಟು, ಅಗಲವಾದ ಒಂದು ವಾಶರು ಆರಿಸಿದ. ಮತ್ತೆ ಕೆಳಗೆ ಸರಿದು ಬೋಲ್ಟನ್ನು ಬೆರಳಿನಿಂದಲೇ ನಾಲ್ಕು ಸುತ್ತು ಕೂರಿಸಿ, ಡೊಂಕವನ್ನು ಮೇಲಕ್ಕೆತ್ತಿದ. ತಳದ ಬಾಗನ್ನು ಬಳಸಿ, ಪೈಪಿನ ಮಗ್ಗುಲಲ್ಲಿ ಹಾದು, ಅದು ಬೋಲ್ಟಿನ ತಲೆಯನ್ನು ತಾನಾಗಿ ಕಚ್ಚಿತು. ಅಪ್ಪನ ಕಣ್ಣಳತೆ! ಇನ್ನು ತಿರುಗಿಸಿದರೆ ಆಯಿತು. ಹತ್ತು ತಿರುವು. ನರ್ಸಮ್ಮ ಹಾಯಾಗಿ ಹೋಗುತ್ತಾಳೆ, ಮಕ್ಕಳು ಸಿಕ್ಕಿಬೀಳುತ್ತಾರೆ, ಡೊಂಕ ಮತ್ತೆ ಪೆಟ್ಟಿಗೆ ಸೇರುತ್ತದೆ.

ಕೈ ತಿರುಗಲಿಲ್ಲ. ಹಿಡಿಯ ಮೇಲಿನ ಮೂರು ಗೆರೆ ಅಂಗೈಗೆ ಒತ್ತುತ್ತಿದ್ದವು. ಬೋಲ್ಟನ್ನೂ ವಾಶರನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೊರಬಂದ.

"ಆಯ್ತಾ?" ನರ್ಸಮ್ಮ ಕೇಳಿದಳು.

"ಇಲ್ಲಮ್ಮ. ಇದನ್ನ ನಿಮ್ಮೂರಲ್ಲೇ ಹಾಕಿಸ್ತೀನಿ. ಇವತ್ತೇ. ನಿಮ್ಮ ಕಾರಲ್ಲಿ ನನಗೊಂದು ಜಾಗ ಇದೆಯಾ?"

ನರ್ಸಮ್ಮ ಅವನ ಮುಖ ನೋಡಿದಳು, ಕೈಯಲ್ಲಿದ್ದ ಬಗ್ಗಿದ ಕಬ್ಬಿಣ ನೋಡಿದಳು, ಮತ್ತೆ ಮುಖ ನೋಡಿದಳು.

"ಅಯ್ಯೋ ದೇವರೇ... ಆ ಮಹಾರಾಯ ನೀವೇನಾ?"

"ಹೂಂ."

"ಹತ್ತಿ ಹತ್ತಿ. ಮುಂದೇ ಕೂತ್ಕೊಳ್ಳಿ. ನಾಲ್ಕು ವರ್ಷ ನಾನು ಕೇಳಿದೀನಿ, ಈಗ ಮೂರು ಗಂಟೆ ನೀವೂ ಕೇಳಿ ಈ ಸಂಗೀತಾನ."

ದೊಡ್ಡಾಸ್ಪತ್ರೆಯಲ್ಲಿ ಲಸಿಕೆಯ ಪೆಟ್ಟಿಗೆ ಹತ್ತಿಸಿಕೊಂಡು ಹೊರಟಾಗ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ತಗಡು ಮೊದಲ ಅರ್ಧ ಗಂಟೆ ಗಂಟಲು ಹರಿಯುವ ಹಾಗೆ ಕೂಗಿತು, ಆಮೇಲೆ ಬಿಸಿಗೆ ಮೆತ್ತಗಾಗಿ ಗೊಣಗತೊಡಗಿತು. ಚಿಕ್ಕ ಮೇಸ್ತ್ರಿ ಡೊಂಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ರಸ್ತೆ, ಗದ್ದೆ, ಇಟ್ಟಿಗೆ ಭಟ್ಟಿ, ಮತ್ತೆ ರಸ್ತೆ. ಈ ದಾರಿಯಲ್ಲಿ ಅಣ್ಣನ ಬಸ್ಸು ಹೋಗಿತ್ತು. ಯಾವ ಕಿಟಕಿಯಲ್ಲಿ ಕೂತಿದ್ದನೋ, ಯಾವ ತಿರುವಿನಲ್ಲಿ ಹಿಂದಕ್ಕೆ ತಿರುಗಿ ನೋಡಿದ್ದನೋ. ನರ್ಸಮ್ಮ ಮಾತಾಡುತ್ತಲೇ ಇದ್ದಳು. ಅಣ್ಣನಿಗೆ ಈಗ ಕನ್ನಡಕ ಬಂದಿದೆಯಂತೆ. ಎಡ ಮೊಣಕಾಲು ನೋವಂತೆ. ಹೆಂಡತಿಯೇ ಪಕ್ಕದಲ್ಲಿ ನಿಂತು ಸಾಮಾನು ಎತ್ತಿಕೊಡುವುದಂತೆ, ಅವರಿಬ್ಬರೂ ದಿನವಿಡೀ ಕಚ್ಚಾಡುತ್ತಾರಂತೆ, ಕೇಳಲು ಚೆಂದವಂತೆ. ಒಂದೊಂದು ಮಾತನ್ನೂ ಅವನು ಬಾಯಾರಿದವನ ಹಾಗೆ ಕುಡಿದ. ಮೊಣಕಾಲು ನೋವಿನ ಸುದ್ದಿಯೂ ಸಿಹಿಯಾಗಿತ್ತು. ಅಣ್ಣನದ್ದಲ್ಲವೇ ಅದು.

ಹೊಳೆಯ ಸೇತುವೆಯ ಹತ್ತಿರ ಟೀ ಕುಡಿಯಲು ನಿಲ್ಲಿಸಿದರು. ಪೈಪು ತಣ್ಣಗಾಗಿ ತಗಡು ಮತ್ತೆ ಬಾಯಿ ಬಿಟ್ಟಿತು. ಊರ ಹೊರಗಿನ ತಿರುವಿಗೆ ಬಂದಾಗ ಬೇಲಿಯ ಪಕ್ಕ ಗೋಲಿಯಾಡುತ್ತಿದ್ದ ನಾಲ್ಕು ಮಕ್ಕಳು ತಲೆಯೆತ್ತಿ ಕೇಳಿ, ಗೋಲಿಗಳನ್ನೂ ಹೆಕ್ಕದೆ ದಿಕ್ಕಾಪಾಲಾಗಿ ಓಡಿದವು.

"ನೋಡಿದ್ರಾ? ನೋಡಿದ್ರಾ ನನ್ನ ಮರ್ಯಾದೆ?" ಅಂದಳು ನರ್ಸಮ್ಮ.

ಅಣ್ಣನ ಶೆಡ್ಡು ಕೆಂಪು ಹೆಂಚಿನದು. ಒಳಗೆ ಉದ್ದಕ್ಕೆ ಒಂದು ಗುಂಡಿ, ಗಾಡಿ ಅದರ ಮೇಲೆ ನಿಂತರೆ ಮೇಸ್ತ್ರಿ ಕೆಳಗೆ ನಿಂತೇ ಕೆಲಸ ಮಾಡುವ ಹಾಗೆ. ಹಿಂಭಾಗದಲ್ಲಿ ಗುಂಡಿಗೆ ಇಳಿಯಲು ನಾಲ್ಕು ಮೆಟ್ಟಿಲು. ನರ್ಸಮ್ಮ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, "ಐಸು ಕರಗುತ್ತೆ, ಪೆಟ್ಟಿಗೆ ಇಟ್ಟು ಬರ್ತೀನಿ" ಎಂದು ಎದುರಿನ ಆಸ್ಪತ್ರೆಗೆ ಹೋದಳು.

ಬೆಂಚಿನ ಮೇಲೆ ನಟ್ಟುಗಳನ್ನು ವಿಂಗಡಿಸುತ್ತಿದ್ದ ಅತ್ತಿಗೆ ತಲೆಯೆತ್ತಿದಳು. ಕೂದಲು ಬೆಳ್ಳಗಾಗಿತ್ತು. ಅಂಗೈಗಳೆರಡೂ ಗ್ರೀಸಿನಿಂದ ಕಪ್ಪಾಗಿದ್ದವು.

"ಯಾರಪ್ಪಾ ಇದು? ದಾರಿ ತಪ್ಪಿ ಬಂದ್ರಾ ಮೈದುನರು?"

"ಅತ್ತಿಗೆ..."

"ಹನ್ನೊಂದು ವರ್ಷ ಬೇಕಾಯ್ತು ಮೂರು ಗಂಟೆ ದಾರಿಗೆ. ನಡಕೊಂಡು ಬಂದಿದ್ರೂ ಇಷ್ಟು ಹೊತ್ತಾಗ್ತಿರಲಿಲ್ಲ." ಬೈಗುಳದ ನಡುವೆಯೇ ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡಳು. ಆಗ ಅವನ ಕೈಯಲ್ಲಿದ್ದದ್ದು ಅವಳ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಹೂಂ" ಅಂದಳು, ಅಷ್ಟೇ. ಆಮೇಲೆ, "ಅವರು ಬೇರೆ ಗಾಡಿಗೆ ಬೋಲ್ಟು ತರೋಕೆ ಅಂಗಡಿಗೆ ಹೋಗಿದಾರೆ. ಪೈಪು ಆರೋ ಹೊತ್ತಿಗೆ ಬರ್ತಾರೆ. ಕೂತ್ಕೊಳ್ಳಿ."

ಅವನು ಗುಂಡಿಯ ಅಂಚಿನಲ್ಲಿ, ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ. ಕಾರಿನ ಹೊಟ್ಟೆಯಡಿ ಆರುತ್ತಿರುವ ಕಬ್ಬಿಣ ಟಿಕ್, ಟಿಕ್ ಅನ್ನುತ್ತಿತ್ತು. ಮೊ‍ದಲು ಬೇಗ ಬೇಗ, ಆಮೇಲೆ ನಿಧಾನ. ಗೋಡೆಯ ಮೇಲೆ ಸಾಲಾಗಿ ಮೊಳೆಗಳು, ಮೊಳೆಗಳಿಗೆ ಪಾನಾಗಳು, ಚಿಕ್ಕದರಿಂದ ದೊಡ್ಡದಕ್ಕೆ. ಹತ್ತು ನಂಬರಿನ ಪಕ್ಕದಲ್ಲಿ ಒಂದು ಮೊಳೆ ಖಾಲಿ ಇತ್ತು. ಅದರ ಕೆಳಗೆ ಸುಣ್ಣದ ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಯಾರೋ ಒಂದು ಬಾಗಿದ ಆಕಾರ ಬರೆದಿದ್ದರು. ಒಮ್ಮೆ ಆಚೆಗೆ, ಒಮ್ಮೆ ಈಚೆಗೆ. ಧೂಳು ಕೂತು ಗೆರೆ ಮಾಸಿತ್ತು, ಆದರೆ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಂದಾಗ ಇಡಲು ಜಾಗ.

ಅವನು ಮುಖ ತಗ್ಗಿಸಿದ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಒಂದೊಂದಾಗಿ ಕಳಚಿ ಬಿದ್ದವು. ದೇವರೇ, ಒಂದೇ ಒಂದು ಮಾತು ಉಳಿಸು ಅಂತ ಬೇಡಿಕೊಂಡ. ಅದೂ ಉಳಿಯಲಿಲ್ಲ.

ಹಿಂಬಾಗಿಲ ಕಡೆ ಚಪ್ಪಲಿ ಎಳೆಯುವ ಸದ್ದಾಯಿತು. ಎಡಗಾಲು ಸ್ವಲ್ಪ ತಡವಾಗಿ ಬರುವ ಹೆಜ್ಜೆ.

"ನರ್ಸಮ್ಮನ ಗಾಡಿ ಬಂದಿರಬೇಕು ಅಲ್ವೇನೇ? ಅಂಗಡಿ ತನಕ ಕೇಳಿಸ್ತು. ಮಕ್ಕಳೆಲ್ಲ ಅಂಗಡಿಯೋನ ಗೋಣಿಚೀಲದ ಹಿಂದೆ ಅವಿತು ಕೂತಿದಾವೆ."

ಅಣ್ಣನ ದನಿ. ಸ್ವಲ್ಪ ಒಡೆದಿತ್ತು, ಅಪ್ಪನ ದನಿ ಕೊನೆಗೆ ಒಡೆದ ಹಾಗೆಯೇ. ಚಿಕ್ಕ ಮೇಸ್ತ್ರಿ ಏಳಲು ಹೋದ. ಅತ್ತಿಗೆ ಕಣ್ಣಲ್ಲೇ 'ಇರಿ' ಅಂದಳು.

"ಹೂಂ ಬಂದಿದೆ. ಆರಿದೆ ನೋಡಿ" ಅಂತ ಜೋರಾಗಿ ಹೇಳಿದಳು.

"ಮತ್ತೆ ತಂತಿ ತುಂಡಾಗಿರುತ್ತೆ. ಬೈತಾಳೆ ಇವತ್ತು." ಅಣ್ಣ ಒಂದೊಂದೇ ಮೆಟ್ಟಿಲು ಇಳಿದ. ಕಾರಿನ ಕೆಳಗೆ ಅವನ ಹಣೆ ಕಂಡಿತು, ಆಮೇಲೆ ಅದೂ ಮರೆಯಾಯಿತು. ತಗಡಿನ ಮೇಲೆ ಬೆರಳ ಗೆಣ್ಣಿನ ಟಕ್ ಟಕ್. "ಹಾಂ, ಇಲ್ಲೇ. ತಂತಿ ಕೊಡೇ."

ಗುಂಡಿಯ ಅಂಚಿನಿಂದ ಒಂದು ಕೈ ಮೇಲೆ ಬಂತು. ಅಂಗೈ ಮೇಲೆ ಮಾಡಿ ಚಾಚಿದ ಕೈ. ಹೆಬ್ಬೆರಳ ಬುಡದಲ್ಲಿ ಹಳೇ ಸುಟ್ಟ ಗಾಯದ ಕಲೆ, ಡೊಂಕ ಬಗ್ಗಿಸಿದ ಸಂಜೆ ತಿದಿ ಒತ್ತುವಾಗ ಕೆಂಡದ ಕಿಡಿ ಹಾರಿ ಆದದ್ದು.

ಅತ್ತಿಗೆ ತಂತಿಯ ಸುರುಳಿಯನ್ನು ಎತ್ತಿಕೊಂಡವಳು ಹಾಗೇ ಎದೆಗೆ ಒತ್ತಿ ಹಿಡಿದು ಹಿಂದಕ್ಕೆ ಸರಿದಳು.

"ಕೊಡೇ, ಕೈ ನೋಯುತ್ತೆ" ಅಂತು ಕೆಳಗಿನ ದನಿ.

ಚಿಕ್ಕ ಮೇಸ್ತ್ರಿ ಡೊಂಕವನ್ನು ಎರಡೂ ಕೈಯಲ್ಲಿ ಹಿಡಿದು, ಆ ಅಂಗೈಯ ಮೇಲೆ ಮೆಲ್ಲಗೆ ಇಟ್ಟ.

ಕೈ ಮುಚ್ಚಿಕೊಳ್ಳಲು ಹೋದದ್ದು ನಿಂತಿತು. ಹೆಬ್ಬೆರಳು ಹಿಡಿಯ ಮೇಲೆ ಸರಿಯಿತು. ಒಂದು ಗೆರೆ. ಎರಡು. ಮೂರು. ಮೂರನೆಯದರ ಮೇಲೆ ಅದು ಉಳಿದುಕೊಂಡಿತು. ಶೆಡ್ಡಿನ ಹೊರಗೆ ಯಾವುದೋ ಮಗು ನರ್ಸಮ್ಮನ ಕೈಗೆ ಸಿಕ್ಕಿಬಿದ್ದು ಅಳುತ್ತಿತ್ತು.

ಆಮೇಲೆ ಆ ಬೆರಳುಗಳು ಮುಚ್ಚಿಕೊಂಡವು. ಡೊಂಕದ ಜೊತೆಗೆ, ಅದರ ಕೆಳಗೆ ಇನ್ನೂ ಉಳಿದಿದ್ದ ತಮ್ಮನ ಬೆರಳುಗಳೂ ಆ ಮುಷ್ಟಿಯೊಳಗಿದ್ದವು.

"ಬೆಳಕು ಹಿಡಿಯೋ" ಅಂದ ಅಣ್ಣ. "ಇತ್ತ."

ಚಿಕ್ಕ ಮೇಸ್ತ್ರಿ ಜೇಬಿನಿಂದ ಬೋಲ್ಟನ್ನೂ ಅಗಲದ ವಾಶರನ್ನೂ ತೆಗೆದು ಕೊಟ್ಟು, ಬೆಂಚಿನ ಮೇಲಿದ್ದ ಟಾರ್ಚು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದ.